ಕನ್ನಡಿ ಇಲ್ಲದ ಕಟಿಂಗ್ ಅಂಗಡಿ

ಅವನು ಟೈಲರಕ್ಕನ ಅಂಗಡಿಯೊಳಗೆ ಮೊದಲ ಸಲ ಕಾಲಿಟ್ಟದ್ದು ಏಡಿಯ ಹಾಗೆ ಅಡ್ಡಡ್ಡವಾಗಿ. ಎಡ ಹೆಗಲು ಮುಂದೆ, ಮುಖ ಗೋಡೆಯ ಕಡೆ, ಬಗಲಲ್ಲಿ ಮಡಿಸಿದ ಬಿಳಿ ಬಟ್ಟೆ. ಹೊಸ್ತಿಲು ದಾಟಿ ಒಂದು ಹೆಜ್ಜೆ ಬಂದವನೇ ತಿರುಗಿ ಬೀದಿಯ ಕಡೆ ಮುಖ ಮಾಡಿ ನಿಂತುಬಿಟ್ಟ. ಅಂಗಡಿಗೆ ಬಂದವರು ಒಳಗೆ ನೋಡಿ ಮಾತಾಡುತ್ತಾರೆ. ಇವನು ಹೊರಗೆ ನೋಡುತ್ತಾ, ದಾರಿಹೋಕರಿಗೆ ಹೇಳುವವನ ಹಾಗೆ, ಗಿರಾಕಿಗಳ ಮೈಮೇಲೆ ಹೊದಿಸುವುದಕ್ಕೆ ಬಟ್ಟೆ ಹೊಲಿದುಕೊಡಬೇಕಿತ್ತು, ಎದುರಿನ ಕೋಣೆಯಲ್ಲಿ ಕಟಿಂಗ್ ಅಂಗಡಿ ಇಡುತ್ತಿದ್ದೇನೆ ಎಂದ.

ಟೈಲರಕ್ಕ ಪೆಡಲಿನಿಂದ ಕಾಲು ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಹೊಸಬರು ಯಾರೇ ಬರಲಿ, ಅವಳ ಕಣ್ಣು ತಾನಾಗಿಯೇ ಅಳತೆ ತೆಗೆದುಬಿಡುತ್ತಿತ್ತು. ಇಳಿಜಾರು ಹೆಗಲು, ಉದ್ದ ತೋಳು, ಸಪೂರ ಸೊಂಟ. ವಯಸ್ಸಿನಲ್ಲಿ ತನಗಿಂತ ಚಿಕ್ಕವನು. ಬಟ್ಟೆ ಬಿಚ್ಚಿ ನೋಡಿದಳು, ಒಳ್ಳೆಯ ಬಟ್ಟೆ. ಕುತ್ತಿಗೆಗೆ ಗುಂಡಿ ಇಡಲೋ ಎಂದು ಕೇಳಿದಳು. ಗುಂಡಿ ಬೇಡ, ಲಾಡಿ ಇರಲಿ, ಒಬ್ಬೊಬ್ಬರ ಕುತ್ತಿಗೆ ಒಂದೊಂದು ಥರ, ಗುಂಡಿ ಹಾಕಿದರೆ ಕೆಲವರಿಗೆ ಉಸಿರು ಕಟ್ಟುತ್ತದೆ ಎಂದ. ಆ ಮಾತು ಅವಳಿಗೆ ಹಿಡಿಸಿತು. ಬಟ್ಟೆ ಬಿಟ್ಟುಹೋಗುವಾಗಲೂ ಅವನು ಒಮ್ಮೆಯೂ ಒಳಗೆ ತಿರುಗಿ ನೋಡಲಿಲ್ಲ.

ಅವಳ ಅಂಗಡಿ ಉದ್ದಕ್ಕೆ ಇರುವ ಕಿರಿದಾದ ಕೋಣೆ. ಬೆಳಕಿಗೆಂದು ಹೊಲಿಗೆ ಯಂತ್ರ ಬಾಗಿಲ ಪಕ್ಕ, ಒಂದು ಗೋಡೆಗೆ ಕತ್ತರಿಸುವ ಮೇಜು, ಇನ್ನೊಂದು ಗೋಡೆಯುದ್ದಕ್ಕೂ ಹೊಲಿದ ಬಟ್ಟೆ ನೇತುಹಾಕುವ ತಂತಿ. ತೀರಾ ಕೊನೆಯಲ್ಲಿ, ಬಾಗಿಲಿಗೆ ನೇರ ಎದುರಾಗಿ, ಆಳೆತ್ತರದ ಕನ್ನಡಿ. ಮುಚ್ಚಿಹೋದ ಒಂದು ಬಟ್ಟೆ ಅಂಗಡಿಯಿಂದ ಅದನ್ನು ಅವಳ ಗಂಡ ಬೆನ್ನ ಮೇಲೆ ಹೊತ್ತು ತಂದಿದ್ದ. ಗಂಡ ಲಾರಿ ಮೆಕ್ಯಾನಿಕ್ಕು, ಗೂಳಿಯಂಥ ಆಳು. ಆವತ್ತು ಸಂಜೆ ಅವಳು ಈ ವಿಚಿತ್ರ ಗಿರಾಕಿಯ ಸುದ್ದಿ ಹೇಳಿದಾಗ ಅವನು ಕೈಗೆ ಹತ್ತಿದ ಗ್ರೀಸ್ ಉಜ್ಜಿಕೊಳ್ಳುತ್ತಾ, "ಮುಖ ತೋರಿಸದೆ ಬಂದು ಮುಖ ತೋರಿಸದೆ ಹೋದ ಅಂದ್ರೆ ಒಂದೋ ಕಳ್ಳ, ಇಲ್ಲಾ ನಿನ್ನ ಹತ್ರ ಹಿಂದೆ ಯಾವತ್ತೋ ಪ್ಯಾಂಟ್ ಹೊಲಿಸಿದವನು" ಎಂದು ನಕ್ಕಿದ್ದ.

ಎದುರಿನ ಅಂಗಡಿ ತೆರೆದ ದಿನ ಬೀದಿಗೆ ಬೀದಿಯೇ ಬಂದು ಇಣುಕಿತು. ಕುರ್ಚಿ ಇತ್ತು, ಕಾಯುವವರಿಗೆ ಬೆಂಚಿತ್ತು, ನಲ್ಲಿ, ಪಟಿಕದ ತುಂಡು, ಬ್ರಷ್ಷು, ರೇಡಿಯೋ ಎಲ್ಲ ಇದ್ದವು. ಕುರ್ಚಿಯ ಎದುರು, ಕನ್ನಡಿ ಇರಬೇಕಾದ ಜಾಗದಲ್ಲಿ, ಬರೀ ಸುಣ್ಣ ಬಳಿದ ಗೋಡೆ. ಸಾಮಾನು ಇನ್ನೂ ಬರುತ್ತಿರಬೇಕು ಎಂದುಕೊಂಡರು. ವಾರ ಕಳೆಯಿತು, ತಿಂಗಳು ಕಳೆಯಿತು, ಗೋಡೆ ಹಾಗೇ ಉಳಿಯಿತು. ಆಗ ಮಕ್ಕಳು ಅವನಿಗೆ ಕನ್ನಡಿ ಮಾಮ ಎಂದು ಹೆಸರಿಟ್ಟರು. ಇಲ್ಲದ್ದನ್ನೇ ಹಿಡಿದು ಹೆಸರಿಡುವುದರಲ್ಲಿ ಮಕ್ಕಳನ್ನು ಮೀರಿಸಿದವರಿಲ್ಲ. ಅವನು ಬೇಜಾರು ಮಾಡಿಕೊಳ್ಳಲಿಲ್ಲ, ಆ ಹೆಸರಿಗೆ ಓಗೊಟ್ಟ.

ಕನ್ನಡಿ ಇಲ್ಲದೆ ಕೂದಲು ಕತ್ತರಿಸುವುದಕ್ಕೆ ಅವನು ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದ. ಅರ್ಧ ಕೆಲಸ ಮುಗಿದ ಮೇಲೆ ಕತ್ತರಿ ಕೆಳಗಿಟ್ಟು, ಗಿರಾಕಿಯ ಕೈಯನ್ನು ಹೊದಿಕೆಯ ಅಡಿಯಿಂದ ಹೊರಗೆ ತೆಗೆಸಿ, ಅವರ ತಲೆಯ ಮೇಲೆ ಮೆಲ್ಲಗೆ ಓಡಿಸಿ, "ಮುಟ್ಟಿ ನೋಡಿ" ಎನ್ನುತ್ತಿದ್ದ. ಕಿವಿಯ ಮೇಲೆ ಇಷ್ಟು ಸಾಕೇ, ಹಿಂದೆ ಇನ್ನೊಂದಿಷ್ಟು ತೆಗೆಯಲೇ, ಎಲ್ಲವನ್ನೂ ಬೆರಳೇ ಹೇಳಬೇಕು. ಮೊದಮೊದಲು ಜನ ನಾಚಿಕೊಂಡರು. ಸ್ವಂತ ತಲೆಯನ್ನು ಅಷ್ಟು ನಿಧಾನವಾಗಿ ಯಾರೂ ಸವರಿಕೊಂಡಿರಲಿಲ್ಲ. ಆಮೇಲೆ ರೂಢಿಯಾಯಿತು. ಚಹಾ ಅಂಗಡಿಯ ಯಜಮಾನನಂತೂ ಬೇರೆ ಕಡೆ ಹೋದರೆ ಕಣ್ಣೆದುರಿಗೇ ಬೋಳಾಗುವುದನ್ನು ನೋಡಬೇಕು, ಇಲ್ಲಾದರೆ ಹುಡುಗನಾಗಿ ಕೂತು ಹುಡುಗನಾಗಿಯೇ ಎದ್ದುಹೋಗುತ್ತೇನೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಕನ್ನಡಿ ಮಾಮನ ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ದುಂಡು ಮೈ, ಬಾಯ್ತುಂಬ ಮಾತು. ಔಷಧಿಯ ಕಾವಿಗೆ ಕೂದಲು ಉದುರಿ, ಉಳಿದ ಎಳೆಗಳನ್ನೂ ತೆಗೆಸಿಬಿಡೋಣ ಎಂದು ಮನಸ್ಸು ಮಾಡಿದ ಹೆಂಗಸರನ್ನು ಅವಳೇ ಕೈಹಿಡಿದು ಕರೆತರುತ್ತಿದ್ದಳು. ಅಂಥವರು ಬಂದಾಗ ಅವನು ಬೆಂಚಿನ ಮೇಲಿದ್ದವರನ್ನೆಲ್ಲ ಚಹಾ ಕುಡಿದು ಬರಲು ಕಳಿಸಿ ಬಾಗಿಲನ್ನು ಅರ್ಧ ಎಳೆದುಕೊಳ್ಳುತ್ತಿದ್ದ. ಅವರು ತಲೆಗೆ ಸೆರಗು ಹೊದ್ದು ಬಂದು, ಸೆರಗು ಹೊದ್ದೇ ಹೋಗುತ್ತಿದ್ದರು. ನಡುವೆ ಆದದ್ದನ್ನು ಅವರು ನೋಡಬೇಕಾಗಿ ಬರುತ್ತಿರಲಿಲ್ಲ. ಟೈಲರಕ್ಕ ಎದುರಿನಿಂದ ಇದನ್ನು ನೋಡಿ ನೋಡಿ, ಇವನು ಈ ಹೆಂಗಸರಿಗಾಗಿಯೇ ಕನ್ನಡಿ ಇಟ್ಟಿಲ್ಲ, ಎಷ್ಟು ದೊಡ್ಡ ಮನಸ್ಸು ಎಂದುಕೊಂಡಿದ್ದಳು. ಒಂದು ದಿನ ಅವನ ಹೆಂಡತಿಗೆ ಅದನ್ನು ಹೇಳಿಯೂಬಿಟ್ಟಳು. ಆಕೆ ನಗು ತಡೆಯಲಾರದೆ ಮೇಜು ಹಿಡಿದುಕೊಂಡಳು. "ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ ಅಕ್ಕ. ಹೆದರುಪುಕ್ಕಲ ಅವರು. ಸಿನಿಮಾ ನೋಡಿ ಹೆದರಿದ್ದಾರೆ. ಚಿಕ್ಕಂದಿನಲ್ಲಿ ನೋಡಿದ ಸಿನಿಮಾ."

ಹೆಚ್ಚು ಹೇಳಲು ಅವಳಿಗೂ ಗೊತ್ತಿರಲಿಲ್ಲ. ಕೇಳಿದರೆ ಅವನು ಮಾತು ಬದಲಿಸುತ್ತಿದ್ದನಂತೆ. ಮದುವೆಯಾದ ಹೊಸತರಲ್ಲಿ ಅವಳ ಅಂಗೈಯಗಲದ ಕನ್ನಡಿಯನ್ನು ಅವನು ಅಕ್ಕಿ ಡಬ್ಬದ ತಳದಲ್ಲಿ ಹೂತಿಟ್ಟಿದ್ದನಂತೆ. ಆಮೇಲೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಅವಳು ತನ್ನ ಕನ್ನಡಿಯನ್ನು ಬೀರುವಿನ ಒಳಬಾಗಿಲಿಗೆ ಅಂಟಿಸಿಕೊಂಡಳು, ಅವನು ಬೀರು ತೆಗೆಯುವ ಗೋಜಿಗೆ ಹೋಗಲಿಲ್ಲ. ಬೆಳಿಗ್ಗೆ ಬೆರಳಿನಿಂದ ತಡವಿಕೊಂಡು ಗಡ್ಡ ಕೆರೆದ ಮೇಲೆ ಅವನು ಅವಳ ಮುಂದೆ ಬಂದು ನಿಲ್ಲುವುದು, ಅವಳು ಕಿವಿಯ ಹಿಂದಿನ ನೊರೆ ಒರೆಸಿ ಕಳಿಸುವುದು. ಇವರಿಗೆ ಹೆಂಡತಿ ಯಾಕೆ ಬೇಕಾಯಿತು ಎಂದು ಈಗ ಗೊತ್ತಾಯಿತೇ ಎಂದು ಅವಳು ಟೈಲರಕ್ಕನನ್ನು ಕೇಳಿದ್ದಳು.

ಟೈಲರಕ್ಕ ನಗಲಿಲ್ಲ. ಅವಳಿಗೆ ತನ್ನ ಗಂಡ ನೆನಪಾದ. ಲಾರಿಯ ಅಡಿಗೆ ಅಂಜದೆ ತೂರಿಕೊಳ್ಳುವ ಆ ಮನುಷ್ಯ ಮಂಚದ ಅಂಚಿನಿಂದ ಕಾಲು ಕೆಳಗೆ ಇಳಿಬಿಟ್ಟು ಮಲಗಿದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ. ಎಷ್ಟು ಸೆಕೆಯಿದ್ದರೂ ಪಾದಗಳನ್ನು ಒಳಗೆ ಎಳೆದುಕೊಳ್ಳುತ್ತಿದ್ದ. ಎಳೆಯವನಿದ್ದಾಗ ನೋಡಿದ ಚಿತ್ರದಲ್ಲಿ ಮಂಚದ ಅಡಿಯಿಂದ ಒಂದು ಕೈ ಬರುತ್ತಿತ್ತಂತೆ. ಇದನ್ನು ಅವನು ಹೇಳಿದ್ದು ಒಂದೇ ಸಲ, ಅದೂ ಬೇರೆ ಯಾರದೋ ಕಥೆ ಎನ್ನುವ ಹಾಗೆ. ಮಂಚದ ಆ ಬದಿಗೆ ಅವಳು ಮಲಗತೊಡಗಿದಳು. ಅಷ್ಟೇ, ಇಬ್ಬರೂ ಆಮೇಲೆ ಆ ಮಾತೆತ್ತಲಿಲ್ಲ.

ಚಿತ್ರಮಂದಿರದಿಂದ ನೂರಾರು ಜನ ಹೊರಗೆ ಬರುತ್ತಾರೆ. ಬಟ್ಟೆ ಕೊಡವಿಕೊಂಡು, ಚಪ್ಪಲಿ ಹುಡುಕಿಕೊಂಡು, ಎಂಥ ಹೆದರಿಕೆ ಮಾರಾಯ ಎಂದು ನಕ್ಕು ಮನೆಗೆ ಹೋಗುತ್ತಾರೆ. ಯಾರೋ ಒಬ್ಬರ ಬೆನ್ನಿಗೆ ಮಾತ್ರ ಅದು ಅಂಟಿಕೊಂಡು ಬಂದಿರುತ್ತದೆ. ಯಾರಿಗೆ ಅಂಟೀತು ಎಂದು ಚಿತ್ರ ಮಾಡಿದವರಿಗೂ ಗೊತ್ತಿರಲಾರದು. ಟೈಲರಕ್ಕ ಹೊಲಿಯುತ್ತಾ ಹೀಗೆಲ್ಲ ಯೋಚಿಸುತ್ತಿದ್ದಳು.

ಅವಳು ಮಾಡಿದ್ದು ಇಷ್ಟೇ: ಹಳೆಯ ಒಂದು ಬೆಡ್‌ಶೀಟಿಗೆ ಉಂಗುರ ಹೊಲಿದು ಕನ್ನಡಿಗೆ ಪರದೆ ಮಾಡಿದಳು. ಎದುರಿನಿಂದ ಅವನು ಬೀದಿ ದಾಟುವುದು ಕಂಡರೆ ಎದ್ದುಹೋಗಿ ಎಳೆಯುತ್ತಿದ್ದಳು. ಪರದೆ ಬಂದ ಮೇಲೆ ಅವನು ಮೊದಲ ಸಲ ಬಂದಾಗ ಎಂದಿನಂತೆ ಅಡ್ಡಡ್ಡ ಬಂದ. ಓರೆಗಣ್ಣಿಗೆ ಹೂವಿನ ಬೆಡ್‌ಶೀಟು ಕಂಡಿತು. ಸ್ವಲ್ಪ ಹೊತ್ತು ನಿಂತ. ಆಮೇಲೆ ನೆಟ್ಟಗೆ ಒಳಗೆ ನಡೆದು ಬಂದು ಸ್ಟೂಲಿನ ಮೇಲೆ ಕೂತ. ಅವನ ಪೂರ್ತಿ ಮುಖವನ್ನು ಅವಳು ತನ್ನ ಅಂಗಡಿಯಲ್ಲಿ ಕಂಡದ್ದು ಆವತ್ತೇ.

ಕೇಳದೆಯೇ ಅವನು ಹೇಳಿದ.

ಅವನ ಅಪ್ಪನದೂ ಇದೇ ಕಸುಬು. ಮನೆ, ಅಂಗಡಿ ಎರಡೂ ಒಂದೇ ಕೋಣೆ. ಹಗಲು ಗಿರಾಕಿಗಳು ಕೂರುವ ಜಾಗದಲ್ಲೇ ಅಣ್ಣತಮ್ಮ ಇಬ್ಬರೂ ಚಾಪೆ ಹಾಸಿಕೊಂಡು ಮಲಗಬೇಕು. ಗೋಡೆಯಗಲದ ಕನ್ನಡಿಯ ಕೆಳಗೆ. ಒಂದು ದಿನ ಅಣ್ಣ ಅವನನ್ನು ಸಿನಿಮಾಕ್ಕೆ ಕರೆದುಕೊಂಡು ಹೋದ. ಹೆದರಿಕೆಯ ಚಿತ್ರ. ರಕ್ತ, ಕೂಗಾಟ ಎಲ್ಲ ಬೇಕಾದಷ್ಟಿತ್ತು, ಅದಕ್ಕೆಲ್ಲ ಅಣ್ಣತಮ್ಮ ಬಿದ್ದು ಬಿದ್ದು ನಕ್ಕರು. ನಡುವೆ ಒಂದು ಸಣ್ಣ ದೃಶ್ಯ. ಒಬ್ಬ ಮನುಷ್ಯ ಕನ್ನಡಿ ಮುಂದೆ ನಿಂತು ಗಡ್ಡ ಕೆರೆದುಕೊಳ್ಳುತ್ತಿದ್ದಾನೆ. ಸಂಗೀತವೂ ಇಲ್ಲ, ಏನೂ ಇಲ್ಲ. ಕೆರೆದು ಮುಗಿಯಿತು, ರೇಜರ್ ಕೆಳಗಿಟ್ಟ, ಟವೆಲ್ ಹೆಗಲಿಗೆ ಹಾಕಿಕೊಂಡು ತಿರುಗಿ ಬಾಗಿಲ ಕಡೆ ಹೊರಟ. ಕನ್ನಡಿಯಲ್ಲಿದ್ದವನು ಹೊರಡಲಿಲ್ಲ.

"ಅವನು ಅಲ್ಲೇ ನಿಂತಿದ್ದ ಅಕ್ಕ. ಹೋಗ್ತಿರೋನ ಬೆನ್ನನ್ನೇ ನೋಡ್ತಾ. ಆಮೇಲೆ ರೇಜರ್ ಎತ್ಕೊಂಡು ಮತ್ತೆ ಕೆರೆಯೋಕೆ ಶುರು ಮಾಡಿದ. ಅಷ್ಟೇ. ಹೋದವನಿಗೆ ಇದು ಗೊತ್ತೇ ಆಗಲಿಲ್ಲ."

ಚಿತ್ರಮಂದಿರದಲ್ಲಿ ಆ ದೃಶ್ಯಕ್ಕೆ ಯಾರೂ ಕಿರುಚಲಿಲ್ಲವಂತೆ. ಅಣ್ಣನಿಗೆ ಅಂಥದ್ದೊಂದು ದೃಶ್ಯ ಇತ್ತೆಂಬ ನೆನಪೇ ಇಲ್ಲವಂತೆ. ಆದರೆ ಆವತ್ತಿನಿಂದ ಇವನು ಕನ್ನಡಿ ನೋಡಿದವನಲ್ಲ. ಅಪ್ಪ ಹೊಡೆದ, ಅಣ್ಣ ಆಡಿಕೊಂಡ. ಬೇರೆ ಕಸುಬು ಕೈಗೆ ಹತ್ತಲಿಲ್ಲ, ಬೆರಳುಗಳಿಗೆ ಗೊತ್ತಿದ್ದದ್ದು ಇದೊಂದೇ. ಊರಿನ ಕಟಿಂಗ್ ಅಂಗಡಿಗಳಲ್ಲಿ ಕೆಲಸಕ್ಕೆ ನಿಂತು, ಕನ್ನಡಿಗೆ ಬೆನ್ನು ಹಾಕಿ ಕತ್ತರಿಸಲು ಹೋಗಿ, ಗಿರಾಕಿಯ ಕಿವಿಗೆ ಗಾಯ ಮಾಡಿ, ಬೈಸಿಕೊಂಡು ಬಿಟ್ಟುಬಂದಿದ್ದ. ಕೊನೆಗೆ ತನ್ನದೇ ಅಂಗಡಿ, ತನ್ನದೇ ಬರೀ ಗೋಡೆ.

ಕನ್ನಡಿಯಲ್ಲಿ ಭೂತ ಕಾಣುತ್ತದೆಂದು ಹೆದರಿಕೆಯೇ ಎಂದು ಅವಳು ಕೇಳಿದಳು. ಅವನು ಅಲ್ಲವೆಂದು ತಲೆಯಾಡಿಸಿದ. ನೋಡುವುದಕ್ಕೆ ಹೆದರಿಕೆ ಇಲ್ಲ, ನೋಡಿದ ಮೇಲೆ ಬೆನ್ನು ತಿರುಗಿಸಬೇಕಲ್ಲ, ಅದಕ್ಕೆ ಹೆದರಿಕೆ ಎಂದ. ನಾನು ನೋಡದಿದ್ದರೆ ಅವನಿಲ್ಲ. ನೋಡಿದರೆ ಅವನನ್ನು ಅಲ್ಲಿ ಬಿಟ್ಟುಬರಬೇಕು. ಅವನು ಏನು ಮಾಡುತ್ತಾನೋ ನನಗೆ ಗೊತ್ತಾಗುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ.

ಹಾಗೆಲ್ಲ ಇರುವುದಿಲ್ಲಪ್ಪ ಎಂದು ಟೈಲರಕ್ಕ ಹೇಳಬಹುದಿತ್ತು. ಅದನ್ನು ಅವನಿಗೆ ಎಷ್ಟು ಜನ ಹೇಳಿರಲಿಕ್ಕಿಲ್ಲ. ಬಾಬಿನ್ನಿಗೆ ದಾರ ಸುತ್ತತೊಡಗಿದಳು.

ವರ್ಷಗಳು ಹೋದವು. ಮೊದಲು ಅವಳ ಗಂಡ ಹೋದ, ಆಮೇಲೆ ಕನ್ನಡಿ ಮಾಮನ ಹೆಂಡತಿ. ಅವನ ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಹೆಂಡತಿ ಸತ್ತು ಕೆಲವು ದಿನಗಳ ಮೇಲೆ, ಬೆಳಿಗ್ಗೆ ಟೈಲರಕ್ಕ ಅಂಗಡಿಯ ಬೀಗ ತೆಗೆಯುವಾಗ, ಅವನು ಬೀದಿ ದಾಟಿ ಬಂದು ಅವಳ ಮುಂದೆ ಸುಮ್ಮನೆ ನಿಂತ. ಅವಳಿಗೆ ತಟ್ಟನೆ ಅರ್ಥವಾಯಿತು. ಗಲ್ಲ ನೋಡಿದಳು, ಕಿವಿಯ ಹಿಂದೆ ನೋಡಿದಳು. ಎಡಗಡೆ ಸ್ವಲ್ಪ ನೊರೆ ಉಳಿದಿದೆ ಎಂದಳು. ಅವನು ಒರೆಸಿಕೊಂಡ. ಅಂಗಿಯ ಗುಂಡಿ ತಪ್ಪಿ ಹಾಕಿದ್ದೀಯ ಎಂದಳು. ಸರಿಮಾಡಿಕೊಂಡ. ಮರುದಿನವೂ ಬಂದ. ಅಂದಿನಿಂದ ಅದು ದಿನದ ಕೆಲಸವಾಯಿತು. ಚಹಾ ಅಂಗಡಿಯವನು ಒಮ್ಮೆ, ಟೈಲರಕ್ಕನ ಸೀಲು ಬೀಳದೆ ಕನ್ನಡಿ ಮಾಮ ಬಾಗಿಲು ತೆಗೆಯುವುದಿಲ್ಲ ಎಂದು ಹಂಗಿಸಿದ. "ನಿನಗೂ ಒಂದು ಸೀಲು ಹಾಕ್ತೀನಿ ಬಾ, ಇಸ್ತ್ರಿಪೆಟ್ಟಿಗೆ ಕಾದಿದೆ" ಎಂದು ಅವಳು ಅಂದ ಮೇಲೆ ತೆಪ್ಪಗಾದ.

ಅವಳು ಕನ್ನಡಿ ಮಾಮನಿಗೆ ಎಂದೂ ಮುಲಾಜಿಗೆ ಸುಳ್ಳು ಹೇಳಲಿಲ್ಲ. ಅದು ಅವಳ ಸ್ವಭಾವ. ಗಿರಾಕಿ ಚೆನ್ನಾಗಿದೆ ಎಂದು ರವಿಕೆ ತೊಟ್ಟು ಹೊರಟರೂ, ತೋಳು ಒಂದು ನೂಲು ಏರಿದೆ, ಬಿಚ್ಚಿಕೊಡು ಎಂದು ವಾಪಸ್ಸು ಕರೆಯುವವಳು. ಇವತ್ತು ಮುದುಕನ ಹಾಗೆ ಕಾಣುತ್ತಿದ್ದೀಯ ಎನ್ನಬೇಕಾದ ದಿನ ಹಾಗೆಯೇ ಎನ್ನುತ್ತಿದ್ದಳು. ಅವಳು ಸರಿ ಎಂದರೆ ಅವನು ಮತ್ತೆ ಮುಟ್ಟಿಯೂ ನೋಡಿಕೊಳ್ಳುತ್ತಿರಲಿಲ್ಲ.

ನೊರೆ ಉಳಿಯುವುದು ಹೆಚ್ಚಾದಾಗ ಅವನ ಕಣ್ಣಿನ ಮೇಲೆ ಅವಳಿಗೆ ಅನುಮಾನ ಬಂದಿತು. ಬೀದಿ ದಾಟುವಾಗ ಪಕ್ಕದಿಂದ ಬರುವ ಸೈಕಲ್ಲು ಅವನಿಗೆ ಕಾಣುತ್ತಿರಲಿಲ್ಲ. ಗಿರಾಕಿಗಳು ಏನೂ ಹೇಳಲಿಲ್ಲ, ಏಕೆಂದರೆ ಅವನ ಕೈ ತಪ್ಪುತ್ತಿರಲಿಲ್ಲ. ಕಣ್ಣಿನ ಡಾಕ್ಟರ್ ಪರೀಕ್ಷೆ ಮಾಡಿ, ನರ ಒಣಗುತ್ತಿದೆ, ಅಂಚಿನಿಂದ ಕತ್ತಲು ಒಳಗೆ ಬರುತ್ತಿದೆ, ಹೋದದ್ದು ಮತ್ತೆ ಬರುವುದಿಲ್ಲ, ಇರುವುದನ್ನು ಸ್ವಲ್ಪ ಕಾಲ ಉಳಿಸಿಕೊಳ್ಳಬಹುದು ಎಂದು ಔಷಧಿಯ ಹನಿ ಬರೆದುಕೊಟ್ಟರಂತೆ. ಅವನು ಇದನ್ನು ಅಂಗಡಿಯ ಬಾಡಿಗೆ ಏರಿತು ಎನ್ನುವಷ್ಟು ತಣ್ಣಗೆ ಹೇಳಿದ. ಕಸುಬಿನ ಚಿಂತೆ ಅವನಿಗಿರಲಿಲ್ಲ. ಈ ಬೀದಿಯ ತಲೆಗಳೆಲ್ಲ ಕೈಗೆ ಗೊತ್ತು, ಕಣ್ಣು ಬೇಕಿಲ್ಲ ಎಂದ.

ಮತ್ತೆ ಯಾವುದಕ್ಕೆ ಬೇಕು ಕಣ್ಣು ಎಂದು ಅವಳು ಕೇಳಿದಳು. ಅವನ ದನಿಯಲ್ಲಿ ಏನೋ ಉಳಿದದ್ದು ಅವಳಿಗೆ ಕೇಳಿಸಿತ್ತು.

ಅವನ ಹೆಂಡತಿ ಯಾವಾಗಲೂ ಒಂದು ಮಾತು ಹೇಳುತ್ತಿದ್ದಳಂತೆ: ನಿಮ್ಮ ನಗು ಬಲಗಡೆ ಮಾತ್ರ, ಎಡಗಡೆಗೆ ಸುದ್ದಿಯೇ ತಲುಪಿರುವುದಿಲ್ಲ, ಅದನ್ನು ನೋಡೇ ನಾನು ನಿಮ್ಮನ್ನು ಒಪ್ಪಿಕೊಂಡದ್ದು. ತಮಾಷೆ ಮಾಡುತ್ತಾಳೆ ಎಂದೇ ಅವನು ಅಂದುಕೊಂಡಿದ್ದ. ಫೋಟೋಗಳಲ್ಲಿ ನೋಡಿದರೆ ಅಲ್ಲಿ ಅವನು ನಕ್ಕೇ ಇಲ್ಲ, ಪೊಲೀಸರು ಹಿಡಿದು ನಿಲ್ಲಿಸಿದವನ ಹಾಗೆ ಬಿಗಿದುಕೊಂಡಿದ್ದಾನೆ. ಸಾಯುವ ಮುಂಚಿನ ದಿನ ಆಸ್ಪತ್ರೆಯ ಮಂಚದ ಮೇಲೆ ಮತ್ತೆ ಅದನ್ನೇ ಹೇಳಿ, ಒಂದು ಸಲ ಹೋಗಿ ನೋಡಿಕೊಳ್ಳಿ ಮಾರಾಯ್ರೇ, ನಾನು ಸುಳ್ಳುಗಾತಿ ಅಲ್ಲ ಅಂದಳಂತೆ. ಅವನು ಹೂಂ ಎಂದಿದ್ದ. ಇಲ್ಲಿಯವರೆಗೂ ನೋಡಿಲ್ಲ.

"ಇನ್ನು ಸ್ವಲ್ಪ ದಿನ ಹೋದ್ರೆ ನೋಡ್ತೀನಿ ಅಂದ್ರೂ ಆಗಲ್ಲ" ಎಂದ. "ಅವಳು ಸುಳ್ಳು ಹೇಳಿದಳೋ ನಿಜ ಹೇಳಿದಳೋ, ತಿಳ್ಕೊಳ್ಳದೇ ಹೋಗಿಬಿಡ್ತೀನಿ ಅನ್ಸುತ್ತೆ ಅಕ್ಕ."

ನಾನು ಹೇಳುತ್ತೇನೆ, ನಿಜವೇ ಎಂದು ಅವಳು ಹೇಳಬಹುದಿತ್ತು. ದಿನಾ ನೋಡುವ ಮುಖ, ಅವಳಿಗೆ ಗೊತ್ತಿತ್ತು. ಆದರೆ ಅವನ ಹೆಂಡತಿ ಹೇಳಿದ್ದು ಕೇಳಿಕೊಳ್ಳಿ ಎಂದಲ್ಲ, ನೋಡಿಕೊಳ್ಳಿ ಎಂದು.

ಮರುದಿನ ಅವನು ಬಂದು ಕನ್ನಡಿಯ ಮುಂದೆ ನಿಂತು ಪರದೆ ಸರಿಸಲು ಹೇಳಿದ. ಸರಿಸಿದಳು. ಅವನು ಕಣ್ಣು ಮುಚ್ಚಿಕೊಂಡಿದ್ದ. ಕೈ ಎರಡೂ ಪ್ಯಾಂಟಿನ ಬಟ್ಟೆ ಹಿಡಿದಿದ್ದವು. ಕಣ್ಣು ತೆರೆಯದೆಯೇ ಪರದೆ ಮುಚ್ಚಿಬಿಡಿ ಎಂದ. ಅಡ್ಡಡ್ಡ ನಡೆದುಕೊಂಡು ಹೊರಗೆ ಹೋದ. ಅವನು ಹಾಗೆ ನಡೆದು ಎಷ್ಟೋ ವರ್ಷಗಳಾಗಿದ್ದವು.

ಆ ವಾರವೆಲ್ಲ ಯಂತ್ರ ತುಳಿಯುತ್ತಾ ಅವಳು ಅದನ್ನೇ ಯೋಚಿಸಿದಳು. ಒಂದು ಮಧ್ಯಾಹ್ನ ಶಾಲೆಯ ಟೀಚರೊಬ್ಬಳು ರವಿಕೆ ತೊಟ್ಟು ನೋಡಿ, ಮುಂದೆ ಸರಿಯಿದೆ, ಹಿಂದೆ ಹೇಗಿದೆ ಅಕ್ಕ ಎಂದು ಕೇಳಿದಳು. ಟೈಲರಕ್ಕ ಎಂದಿನಂತೆ, ಬೆನ್ನು ನಾನು ನೋಡುತ್ತೇನೆ, ನೀನು ನೆಟ್ಟಗೆ ನಿಲ್ಲು ಎಂದಳು. ಹೇಳಿದ ಮೇಲೆ ಅವಳ ಕೈಯಲ್ಲಿದ್ದ ಗುಂಡುಸೂಜಿ ಹಾಗೇ ನಿಂತುಹೋಯಿತು. ಯಾರಿಗೇ ಆಗಲಿ ತಮ್ಮ ಬೆನ್ನು ತಮಗೆ ಕಾಣುವುದಿಲ್ಲ. ಅದನ್ನು ನೋಡಿ ಹೇಳುವುದೇ ಅಲ್ಲವೇ ತಾನು ಇಷ್ಟು ಕಾಲ ಮಾಡಿದ ಕೆಲಸ.

ಟೀಚರು ಹೋದ ಮೇಲೆ ಅವನ ಬದಲಿಗೆಂದು ಸ್ಟೂಲಿಗೆ ತಂತಿಯ ಮೇಲಿನ ಒಂದು ಕೋಟು ತೊಡಿಸಿ ಕನ್ನಡಿಯ ಮುಂದಿಟ್ಟಳು. ಬಾಗಿಲ ಬಳಿ ನಿಂತು ನೋಡಿದಳು. ನೇರ ನಿಂತರೆ ಸ್ಟೂಲೇ ಅಡ್ಡ ಬರುತ್ತಿತ್ತು, ಕನ್ನಡಿಯೊಳಗಿನದು ಕಾಣುತ್ತಿರಲಿಲ್ಲ. ತೀರಾ ಬದಿಗೆ ಸರಿದರೆ ತಂತಿಯ ಮೇಲಿನ ಬಟ್ಟೆಗಳು ಮಾತ್ರ ಕಂಡವು. ಎರಡೂ ಕಾಣುವ ಜಾಗ ಒಂದೇ ಇತ್ತು, ಅಲ್ಲಿ ಹೊಲಿಗೆ ಯಂತ್ರ ಇತ್ತು. ಚಹಾ ಅಂಗಡಿಯವನನ್ನು ಕರೆದು ಯಂತ್ರವನ್ನು ಎತ್ತಿ ಆಚೆ ಇಡಿಸಿದಳು. ಯಾಕೆ ಎಂದು ಅವನು ಕೇಳಿದ್ದಕ್ಕೆ, ಗಾಳಿಗೆ ಎಂದಳು. ಸ್ಟೂಲನ್ನು ಸ್ವಲ್ಪ ಸ್ವಲ್ಪವೇ ಬಾಗಿಲ ಕಡೆ ಎಳೆಯುತ್ತಾ, ಪ್ರತಿ ಸಲವೂ ಹೋಗಿ ನಿಂತು ನೋಡಿದಳು. ಕನ್ನಡಿಯಲ್ಲಿ ಕೋಟಿನ ಬೆನ್ನು ದಾರಿಯುದ್ದಕ್ಕೂ ಕಾಣುತ್ತಿತ್ತು. ನಿಲ್ಲಬೇಕಾದ ಕಡೆ ನೆಲಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿದಳು.

ಆಮೇಲೆ ಕನ್ನಡಿ ಮಾಮನನ್ನು ಕರೆದು ಹೇಳಿದಳು. "ನೋಡು ತಮ್ಮ, ನೀನು ನೋಡ್ಕೊ, ನಗು, ಆಮೇಲೆ ತಿರುಗಿ ನನ್ನ ಕಡೆ ನಡ್ಕೊಂಡು ಬಾ. ನೀನು ಬಾಗಿಲು ದಾಟೋವರೆಗೂ ನಾನು ಅವನ ಮೇಲೆ ಕಣ್ಣಿಟ್ಟಿರ್ತೀನಿ. ಅವನು ಹೊರಡದೇ ನಿಂತ್ರೆ ಹೇಳ್ತೀನಿ."

ನಿಂತರೆ ನಿಜವಾಗಿಯೂ ಹೇಳುತ್ತೀರಾ ಎಂದು ಅವನು ಕೇಳಿದ. ಹೇಳುತ್ತೇನೆ ಎಂದಳು. ಅವನು ಅವಳ ಮುಖವನ್ನೇ ನೋಡಿದ. ಸಿನಿಮಾ ನೋಡಿ ಬಂದಾಗಿನಿಂದ ಅವನ ಜೊತೆ ಎಷ್ಟೋ ಜನ ಎಷ್ಟೋ ಮಾತಾಡಿದ್ದರು. ಕಾವಲು ನಿಲ್ಲುತ್ತೇನೆ ಎಂದವರು ಯಾರೂ ಇರಲಿಲ್ಲ.

ಎರಡೂ ಅಂಗಡಿಗೆ ರಜೆಯಿದ್ದ ದಿನ, ಮಧ್ಯಾಹ್ನ, ಅವನು ಒಗೆದ ಅಂಗಿ ಹಾಕಿಕೊಂಡು ಬಂದ. ಬೀದಿ ಖಾಲಿಯಿತ್ತು. ಬಾಗಿಲಿನಿಂದ ಬಂದ ಬಿಸಿಲು ನೆಲದ ಅರ್ಧದವರೆಗೆ ಚಾಚಿತ್ತು. ಅವಳು ಪರದೆಯನ್ನು ಪೂರ್ತಿ ಸರಿಸಿ, ಬಂದು ಗುರುತಿನ ಮೇಲೆ ನಿಂತಳು. ಆದೀತು ಎಂದಳು.

ಅವನು ಕಣ್ಣು ತೆರೆದ.

ಅವನ ಬೆನ್ನೂ ಅವಳಿಗೆ ಕಾಣುತ್ತಿತ್ತು, ಕನ್ನಡಿಯಲ್ಲಿ ಮುಖವೂ. ಮೊದಲು ಅದರಲ್ಲಿ ಏನೂ ಇರಲಿಲ್ಲ, ಬಸ್ಸಿನಲ್ಲಿ ಎದುರು ಕೂತ ಅಪರಿಚಿತನನ್ನು ನೋಡುವಂತೆ ನೋಡುತ್ತಿದ್ದ. ಕತ್ತು ಸ್ವಲ್ಪ ಆಚೆ ಈಚೆ ಮಾಡಿದ, ಬದಿಯಲ್ಲಿ ಕಣ್ಣು ಮಂಜಾಗಿತ್ತಲ್ಲ. ಕೈ ಎತ್ತಿ ಗಲ್ಲ ಮುಟ್ಟಿಕೊಂಡ. ಬೆರಳಿಗೆ ಗೊತ್ತಿದ್ದದ್ದನ್ನು ಕಣ್ಣಿಗೆ ಪರಿಚಯ ಮಾಡಿಸುವ ಹಾಗೆ. ಅಪ್ಪನ ಮೂಗು ಎಂದು ತನ್ನಷ್ಟಕ್ಕೆ ಅಂದುಕೊಂಡ. ಆದರೆ ನಗು ಬರಲಿಲ್ಲ. ಬಾಯಿ ಎಳೆದು ನೋಡಿದ, ಹಲ್ಲುನೋವಿನವನ ಹಾಗಾಯಿತು. ಮತ್ತೆ ಎಳೆದ. ಭುಜ ಬಿಗಿಯುತ್ತಿರುವುದು ಅವಳಿಗೆ ಅಂಗಿಯ ಹೊಲಿಗೆಯಲ್ಲೇ ಗೊತ್ತಾಗುತ್ತಿತ್ತು.

"ಏನೋ ಅದು," ಎಂದಳು ಅವಳು ಬಾಗಿಲಿನಿಂದ, "ಸಾಲ ಕೇಳೋಕೆ ಬಂದವನ ಥರ ನಿಂತಿದ್ದೀಯ. ಅವನ ಹತ್ರವೂ ಇಲ್ಲ ಕಣೋ, ಅವನೂ ನಿನ್ನ ಹಾಗೇ ಕಟಿಂಗ್ ಮಾಡೋನು."

ಅವನಿಗೆ ಫಕ್ಕನೆ ನಗು ಬಂತು. ಬಲಗಡೆಯ ತುಟಿ ಮೇಲಕ್ಕೆ ಹೋಯಿತು, ಬಲಗಣ್ಣಿನ ಕೆಳಗೆ ಗೆರೆಗಳು ಬಿದ್ದವು, ಎಡಗಡೆ ಏನೂ ಕೇಳಿಸಿಕೊಳ್ಳದ ಕಿವುಡನ ಹಾಗೆ ಸುಮ್ಮನಿತ್ತು. ಅವನು ಅದನ್ನು ಕಂಡ. ಕಂಡದ್ದಕ್ಕೆ ಇನ್ನೂ ನಗು ಬಂತು. ನಗುತ್ತಾ ನಗುತ್ತಾ, ನಿಜ ಹೇಳಿದ್ದಾಳೆ ಎಂದ. ಆಮೇಲೆ ನಗು ಇಳಿಯಿತು. ಎದುರಿನವನದೂ ಇಳಿಯಿತು. ಇಬ್ಬರ ಕಣ್ಣಲ್ಲೂ ನೀರಿತ್ತು.

ಈಗ ತಿರುಗಬೇಕು.

ಅವಸರ ಮಾಡಿಸುವ ಕೆಲಸವಲ್ಲ ಅದು. ಅವನು ಒಮ್ಮೆ ಉಸಿರೆಳೆದುಕೊಂಡು ತಿರುಗಿದ. ಕಣ್ಣು ಅವಳ ಮುಖದ ಮೇಲೆ ನೆಟ್ಟಿತ್ತು. ಅವಳ ಕಣ್ಣು ಅವನ ಭುಜದ ಆಚೆ, ಕನ್ನಡಿಯ ಮೇಲೆ. ಒಂದೊಂದೇ ಹೆಜ್ಜೆ ಇಡುತ್ತಾ ಬಂದ.

"ಏನು ಮಾಡ್ತಿದ್ದಾನೆ?"

"ಹೋಗ್ತಿದ್ದಾನೆ. ಬೆನ್ನು ತೋರಿಸ್ಕೊಂಡು."

"ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಿ."

ಅವನು ನಿಂತುಬಿಟ್ಟಿದ್ದ. ಬಿಸಿಲು ಅವನ ಪಾದದ ಹತ್ತಿರಕ್ಕೆ ಬಂದು ಮುಟ್ಟದೆ ಉಳಿದಿತ್ತು. ಹಿಂತಿರುಗಿ ನೋಡಿಬಿಟ್ಟರೆ ಎಲ್ಲ ಮೊದಲಿಗೇ ಬಂದು ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವಳು ಕನ್ನಡಿಯಲ್ಲಿ ಆ ಬೆನ್ನನ್ನು, ಗಿರಾಕಿಯ ಬೆನ್ನು ನೋಡುವ ಹಾಗೆ, ಮೇಲಿನಿಂದ ಕೆಳಗೆ ನಿಧಾನವಾಗಿ ನೋಡಿದಳು.

"ಅವನ ಕತ್ತಿನ ಹಿಂದೆ, ಕಾಲರಿಗೆ ತಗಲೋ ಹಾಗೆ, ಎಡಕ್ಕೆ ಒಂದು ಕುಚ್ಚು ಬಿಳಿ ಕೂದಲು ಉಳ್ಕೊಂಡಿದೆ. ಕತ್ತರಿಗೆ ಸಿಕ್ಕಿಲ್ಲ. ನನಗೆ ಇಲ್ಲಿಂದ ನಿನ್ನ ಮುಖ ಮಾತ್ರ ಕಾಣೋದು, ನಿನ್ನ ಕತ್ತಿನ ಹಿಂದೆ ಕಾಣಲ್ಲ. ಮುಟ್ಟಿ ನೋಡು."

ಅವನ ಕೈ ಮೆಲ್ಲಗೆ ಮೇಲೆದ್ದು ಕತ್ತಿನ ಹಿಂದಕ್ಕೆ ಹೋಯಿತು. ಬೆರಳು ಕಾಲರಿನ ಅಂಚಿನಲ್ಲಿ ತಡಕಾಡಿ ಒಂದು ಕಡೆ ನಿಂತಿತು. ಕುಚ್ಚು ಅಲ್ಲೇ ಇತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ಉಳಿದ ಹೆಜ್ಜೆಗಳನ್ನು ನಡೆದು ಬಂದು, ಹೊಸ್ತಿಲ ಮೇಲೆ, ಬಿಸಿಲಲ್ಲಿ ಕೂತ. ಅವಳು ಒಳಗಿನಿಂದ ದಾರ ಕತ್ತರಿಸುವ ಸಣ್ಣ ಕತ್ತರಿ ತಂದು, ಅವನ ತಲೆ ಬಗ್ಗಿಸಿ, ಆ ಕುಚ್ಚನ್ನು ತೆಗೆದಳು. ಕತ್ತರಿ ಹಿಡಿಯುವ ರೀತಿ ಹೀಗಲ್ಲ ಅಕ್ಕ ಎಂದು ಅವನು ಅಂದ. ನನ್ನ ಕತ್ತರಿ, ನನ್ನ ರೀತಿ ಎಂದಳು.

ಇದಾದ ಮೇಲೆ ಅವನ ಹೆದರಿಕೆ ಬಿಟ್ಟುಹೋಯಿತು ಎಂದರೆ ಸುಳ್ಳಾದೀತು. ಪರದೆಯನ್ನು ಅವಳು ಮುಂದೆಯೂ ಎಳೆಯುತ್ತಿದ್ದಳು, ಅವನು ಬೇಡ ಎನ್ನಲಿಲ್ಲ. ಅವನ ಅಂಗಡಿಯ ಗೋಡೆ ಬರಿದಾಗಿಯೇ ಉಳಿಯಿತು. ಈಗಲಾದರೂ ಒಂದು ಕನ್ನಡಿ ಇಡಬಾರದೇ ಎಂದು ಚಹಾ ಅಂಗಡಿಯವನು ಕೇಳಿದ್ದಕ್ಕೆ, ಇಷ್ಟು ದಿನ ನನಗೋಸ್ಕರ ಇಟ್ಟಿರಲಿಲ್ಲ, ಇನ್ನು ಮೇಲೆ ಆಸ್ಪತ್ರೆಯಿಂದ ಬರುವವರಿಗೋಸ್ಕರ ಎಂದನಂತೆ. ಟೈಲರಕ್ಕ ಎಷ್ಟೋ ಕಾಲದ ಹಿಂದೆ ತಪ್ಪಾಗಿ ತಿಳಿದುಕೊಂಡದ್ದು ಹೀಗೆ ನಿಜವಾಯಿತು.

ಕತ್ತಲು ಡಾಕ್ಟರ್ ಹೇಳಿದ್ದಕ್ಕಿಂತ ಬೇಗ ಬಂತು. ಕೆಲಕಾಲ ಅವನು ಮುಟ್ಟಿಕೊಂಡೇ ಕೆಲಸ ಮಾಡಿದ. ಹಳೆಯ ಗಿರಾಕಿಗಳು ಯಾರೂ ಬಿಡಲಿಲ್ಲ. ಕೊನೆಗೆ ಮಗಳು ಬಂದು, ತನ್ನ ಜೊತೆ ಬಂದಿರಬೇಕು ಎಂದು ಹಟ ಹಿಡಿದು ಸಾಮಾನು ಕಟ್ಟಿದಳು. ಹೊರಡುವ ಬೆಳಿಗ್ಗೆ, ಗಾಡಿ ಬೀದಿಯ ತುದಿಯಲ್ಲಿ ಕಾಯುತ್ತಿರುವಾಗ, ಅವನು ಕೋಲು ಊರಿಕೊಂಡು ಬೀದಿ ದಾಟಿ ಬಂದ. ಅವಳು ಅಭ್ಯಾಸದಂತೆ ಪರದೆ ಎಳೆಯಲು ಎದ್ದವಳು, ಯಾಕೆ ಎಂದುಕೊಂಡು ಅಲ್ಲೇ ನಿಂತಳು.

ಅವನು ಅವಳ ಮುಂದೆ ಬಂದು ನಿಂತ. ಅವಳು ಎರಡೂ ಗಲ್ಲ ನೋಡಿದಳು, ಕಿವಿಯ ಹಿಂದೆ ನೋಡಿದಳು. ಎಲ್ಲ ಸರಿಯಿದೆ ಎಂದಳು, ಸರಿಯಿತ್ತು. ಆಮೇಲೆ ಅವನು ಕೋಲಿನಿಂದ ದಾರಿ ತಡವುತ್ತಾ, ಮೇಜು ದಾಟಿ, ನೇತುಹಾಕಿದ ಬಟ್ಟೆಗಳನ್ನು ಕೈಯಿಂದ ಸರಿಸುತ್ತಾ, ನೆಟ್ಟಗೆ ಒಳಗೆ ಹೋದ. ಕೋಲಿನ ತುದಿ ಗಾಜಿಗೆ ತಾಗಿ ಟಿಕ್ ಎಂದಿತು. ಪರದೆ ಸರಿದಿದೆ ಎಂದು ಅವನಿಗೆ ತಿಳಿಯಿತು. ಒಂದು ಹೆಜ್ಜೆ ಹಿಂದೆ ಸರಿದು, ಕಾಲರ್ ಸರಿಮಾಡಿಕೊಂಡು, ಕನ್ನಡಿಗೆ ಮುಖ ಕೊಟ್ಟು ನಿಂತ. ಬಲಗಡೆಯ ತುಟಿ ಸ್ವಲ್ಪ ಮೇಲಕ್ಕೆ ಹೋಯಿತು. ಹೊರಗೆ ಮಗಳು ಅಪ್ಪಾ ಎಂದು ಕರೆಯುತ್ತಿದ್ದಳು.

"ನನಗಂತೂ ಅವನು ಕಾಣಲ್ಲ ಅಕ್ಕ," ಎಂದ. "ಅವನಿಗೆ ನಾನು ಕಾಣ್ತಿದ್ದೀನಾ?"